ಮೂಗಿನಿಂದ ಕಿವಿಯವರೆಗೆ

"ಪಿನ್ನೇ ಹಾಕಿಲ್ವಲ್ಲಮ್ಮ" ಎಂದು ನಾನು ಕೇಳಿದಾಗ ಆ ನರ್ಸ್ ಹುಡುಗಿಗೆ ಏನೂ ಅರ್ಥವಾಗಲಿಲ್ಲ.

ಕಳೆದ ತಿಂಗಳು ನಮ್ಮ ನಾದಿನಿಗೆ ಪಾರ್ಶ್ವವಾಯು ಹೊಡೆದು, ಹೂಡಿಯ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಎಚ್ಚರವಿರಲಿಲ್ಲ. ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡವಾಗುತ್ತದೆಂದು ಮೂಗಿನ ಒಂದು ಹೊಳ್ಳೆಯೊಳಗೆ ಮೆತ್ತನೆಯ ಟ್ಯೂಬ್ ಇಳಿಸಿದ್ದರು. ತಿಳಿ ಹಸಿರು ಬಣ್ಣದ್ದು. ಹೊರಗೆ ಉಳಿದ ತುದಿ ತುತ್ತೂರಿಯ ಬಾಯಿಯಂತೆ ಅಗಲವಾಗಿತ್ತು. ನಾನು ಮಂಚದ ಪಕ್ಕ ಕೂತು ಅದನ್ನೇ ನೋಡುತ್ತಿದ್ದೆ.

"ಯಾವ್ ಪಿನ್ ಆಂಟಿ?"

"ಒಳಗೆ ಜಾರಿ ಹೋಗ್ದೇ ಇರ್ಲಿ ಅಂತ ಅಡ್ಡಕ್ಕೆ ಚುಚ್ತಾರಲ್ಲ, ಅದು."

"ಸೀರೆಗೆ ಹಾಕೋ ಪಿನ್ನಾ?" ಹುಡುಗಿ ನಕ್ಕೇಬಿಟ್ಟಳು. "ತುದೀನೇ ಇಷ್ಟು ಅಗಲ ಇದೆ, ಹೆಂಗ್ ಆಂಟಿ ಒಳಗ್ ಹೋಗುತ್ತೆ? ನಿಮಗ್ಯಾರು ಹೇಳಿದ್ರು ಪಿನ್ ಕಥೆ?"

ಯಾರು ಹೇಳಿದರು... ಮಂಚದ ಕಡೆ ಬಗ್ಗಿ ಟ್ಯೂಬನ್ನು ಮೂಸಿ ನೋಡಿದೆ. ಪ್ಲಾಸ್ಟಿಕ್ಕಿಗೆ ಯಾವ ವಾಸನೆಯೂ ಇರಲಿಲ್ಲ. ಪಿನ್ನಿನ ಕಥೆ ಹೇಳಿದವರ ಟ್ಯೂಬಿಗೆ ವಾಸನೆ ಇತ್ತು. ಕೆಂಪು ರಬ್ಬರು, ಬಿಸಿನೀರಿನ ಚೀಲದಂಥ ವಾಸನೆ. ಜೊತೆಗೆ ಡೆಟಾಲು.

ಅವರು ನಮ್ಮ ಫ್ಯಾಕ್ಟರಿಯ ಸಿಸ್ಟರ್. ಎಂಬತ್ತರ ದಶಕದ ನಡುವಿನ ಮಾತು. ಮಹದೇವಪುರದ ಒಂದು ಕಾರ್ಖಾನೆಯಲ್ಲಿ ನಾನು ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಮೇಲೆ ಅಣ್ಣನೇ ಕರೆದುಕೊಂಡು ಹೋಗಿ ಸೇರಿಸಿದ್ದ. ಅವನು ಅಲ್ಲೇ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದ. ಬೆಳಿಗ್ಗೆ ಇಬ್ಬರೂ ದೊಡ್ಡನೆಕ್ಕುಂದಿಯಿಂದ ದ್ರಾಕ್ಷಿ ತೋಟದ ಬೇಲಿ ಪಕ್ಕದ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದೆವು. ಅವನು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಊರಿನವರು ಹೊಲದಿಂದ ಕೂಗುತ್ತಿದ್ದರು, "ಏನ್ರಪ್ಪಾ, ಅಣ್ಣ ತಂಗಿ ಮಿಲಿಟ್ರಿಗೆ ಒಂಟ್ರಾ?"

ಸಿಸ್ಟರಿಗೆ ಆಗ ನಲವತ್ತರ ಮೇಲಿದ್ದಿರಬಹುದು. ಚಿನ್ನದ ಗಣಿಯ ಊರಿನವರು. ಗಣಿಯ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬಂದಿದ್ದರು. ಬಿಳಿ ಸೀರೆ, ಕಪ್ಪು ಬೂಟು, ಗಂಡಸರಂತೆ ಎಡಗೈಗೆ ದೊಡ್ಡ ಗಡಿಯಾರ. ಗೇಟಿನ ಪಕ್ಕದ ಒಂದು ಕೋಣೆ ಅವರದು. ಒಂದು ಮಂಚ, ಒಂದು ಗಾಜಿನ ಬೀರು, ನೀರು ಕುದಿಸುವ ಸ್ಟವ್. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಬೆರಳು ಕೊಯ್ದುಕೊಂಡವರಿಂದ ಹಿಡಿದು ಹೊಟ್ಟೆನೋವಿನವರವರೆಗೆ ಎಲ್ಲರಿಗೂ ಅವರೇ. ಬೈಯದೆ ಔಷಧಿ ಕೊಟ್ಟವರಲ್ಲ.

ತಿಂಗಳಿಗೊಂದು ಬುಧವಾರ ಊಟದ ನಂತರ ಅವರು ಕ್ಯಾಂಟೀನಿನಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಮಾಡುತ್ತಿದ್ದರು. ಪ್ರತಿ ವಿಭಾಗದಿಂದ ಇಬ್ಬರು ಬರಬೇಕು. ನಮ್ಮ ವಿಭಾಗದಿಂದ ನನ್ನ ಹೆಸರು ಕೊಟ್ಟಿದ್ದರು, ನಾನು ಬೇಡ ಅನ್ನುವುದಿಲ್ಲ ಎಂದು. ಪಿನ್ನಿನ ಪಾಠವಾದ ಆ ಬುಧವಾರವೇ ಎಲ್ಲವೂ ಸರಿಯಾಗಿದ್ದ ಕೊನೆಯ ದಿನ. ಕ್ಯಾಂಟೀನಿನಲ್ಲಿ ಚಿತ್ರಾನ್ನ ಮಾಡಿದ್ದರು, ಬೆಂಚಿಗೆಲ್ಲ ಎಣ್ಣೆ ಮೆತ್ತಿತ್ತು. ಸಿಸ್ಟರ್ ಅದನ್ನು ತಾವೇ ಒರೆಸಿ, ಬಿಳಿ ಟವೆಲ್ ಹಾಸಿ, ಮೇಲೆ ಕೆಂಪು ರಬ್ಬರಿನ ಒಂದು ಟ್ಯೂಬ್ ಇಟ್ಟರು.

"ಮೂಗು ಇರೋದು ಮೂಗುಬೊಟ್ಟು ಹಾಕೋಕ್ ಮಾತ್ರ ಅಂದ್ಕೊಂಡಿದೀರಾ?" ಎಂದು ಶುರುಮಾಡಿದರು. ಫಿಟ್ಸ್ ಬಂದವನಿಗೆ, ತಲೆಗೆ ಪೆಟ್ಟು ಬಿದ್ದವನಿಗೆ ಹಲ್ಲು ಕಚ್ಚಿಕೊಂಡುಬಿಡುತ್ತದೆ, ಬಾಯಿ ತೆರೆಯಲು ಬರುವುದಿಲ್ಲ, ಒಳಗೆ ನಾಲಿಗೆ ಗಂಟಲಿಗೆ ಬಿದ್ದಿರುತ್ತದೆ, ಆಗ ಇರುವುದು ಮೂಗೊಂದೇ ದಾರಿ ಎಂದರು. "ನೀವ್ಯಾರೂ ಹಾಕೋ ಹಾಗಿಲ್ಲ. ನಾನು ಹಾಕ್ತೀನಿ. ಆದ್ರೆ ನಾನು ಹಾಕ್ವಾಗ ಪಕ್ಕದಲ್ಲಿ ನಿಂತಿರೋರಿಗೆ ಏನ್ ಕೊಡ್ಬೇಕು ಅಂತಾದ್ರೂ ಗೊತ್ತಿರ್ಬೇಕಲ್ಲ?"

ಉದ್ದ ಎಷ್ಟಿರಬೇಕು ಎಂದು ತೋರಿಸಲು ಒಂದು ಮುಖ ಬೇಕಾಗಿತ್ತು. ಯಾರೂ ಮುಂದೆ ಬರಲಿಲ್ಲ. ಹಿಂದಿನ ಬೆಂಚಿನಿಂದ ಅಣ್ಣ ಎದ್ದ.

"ನನ್ ಮೂಗೇ ತಗೊಳಿ ಸಿಸ್ಟರ್. ಇದಕ್ಕಿಂತ ದೊಡ್ಡದು ಈ ಕಂಪನೀಲಿ ಸಿಗಲ್ಲ."

ಎಲ್ಲರೂ ನಕ್ಕರು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಟ್ಯೂಬಿನ ಒಂದು ತುದಿಯನ್ನು ಮೂಗಿಗೆ ಹಿಡಿದು, ಕೆನ್ನೆಯ ಮೇಲೆ ಮಲಗಿಸಿ, ಕಿವಿಯ ಹಾಲೆಯವರೆಗೆ ಎಳೆದರು. ಮೂಗಿನಿಂದ ಕಿವಿಯವರೆಗೆ, ಅಷ್ಟೇ ಅಳತೆ. ಅಲ್ಲಿಗೆ ಸರಿಯಾಗಿ ಕತ್ತರಿಸಿದರು. ಒಳಗೆ ಹೋಗುವ ತುದಿಯನ್ನು ಓರೆಯಾಗಿ ಕತ್ತರಿಸಿ, ಬೆರಳಲ್ಲಿ ತೀಡಿ ನೋಡಿದರು. ಜಾರಲೆಂದು ಜೆಲ್ಲಿ ಸವರಬೇಕು, ಮೇಲಕ್ಕಲ್ಲ ನೇರ ಹಿಂದಕ್ಕೆ ನೂಕಬೇಕು, ತಡೆದರೆ ಬಲ ಹಾಕಬಾರದು, ಕೊಂಚ ತಿರುಗಿಸಬೇಕು ಎಂದು ಗಾಳಿಯಲ್ಲೇ ಮಾಡಿ ತೋರಿಸಿದರು. ಆಮೇಲೆ ನಮ್ಮ ಕಡೆ ಕೈ ಚಾಚಿದರು.

"ಒಂದ್ ಪಿನ್ ಕೊಡ್ರಮ್ಮ ಯಾರಾದ್ರೂ. ಅಡ್ಡ ಚುಚ್ಚದೇ ಇದ್ರೆ ಇದು ಉಸಿರಿನ ಜೊತೆ ಒಳಗೇ ಹೋಗ್ಬಿಡುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ."

ಆಗ ನಮ್ಮೆಲ್ಲರ ಬಳೆಗೂ ಎರಡು ಮೂರು ಪಿನ್ನು ನೇತಾಡುತ್ತಿದ್ದವು. ನಾನೊಂದು ಬಿಚ್ಚಿಕೊಟ್ಟೆ. ಹೊರಗುಳಿಯುವ ತುದಿಗೆ ಅದನ್ನು ಅಡ್ಡಲಾಗಿ ಚುಚ್ಚಿ ಎಲ್ಲರಿಗೂ ತೋರಿಸಿದರು. ಪಾಠ ಮುಗಿದ ಮೇಲೆ ನಾನು ಹೋಗಿ ನನ್ನ ಪಿನ್ನು ವಾಪಸ್ ಕೇಳಿದೆ. ಯಾಕೆ ಕೇಳಿದೆನೋ. ಮನೆಯಲ್ಲಿ ಒಂದು ಡಬ್ಬಿ ತುಂಬ ಇದ್ದವು.

"ತಗೊಳಮ್ಮ, ನಿನ್ ಆಸ್ತಿ" ಎಂದು ಬಿಚ್ಚಿ ಕೈಗೆ ಹಾಕಿದರು. ಅಣ್ಣನಿಗೆ ಟ್ಯೂಬ್ ತೋರಿಸಿ, "ಇದು ನಿನ್ನ ಅಳತೇದು. ಜೋಪಾನವಾಗಿ ಇಟ್ಟಿರ್ತೀನಿ. ನೀನು ಆ ಡ್ರಮ್ ಮೇಲೆ ಹತ್ತೋದು ಬಿಡೋವರೆಗೂ ಬೇಕಾಗುತ್ತೆ" ಎಂದರು.

ಪ್ರೆಸ್ ಶಾಪಿನ ಮೇಲಿನ ಕಿಟಕಿಗಳನ್ನು ತೆರೆದು ಮುಚ್ಚಲು ಸರಪಳಿ ಇತ್ತು. ಅದು ಸಿಕ್ಕಿಕೊಂಡಾಗಲೆಲ್ಲ ಏಣಿ ತರುವ ಬದಲು ಒಂದರ ಮೇಲೊಂದು ಎರಡು ಡ್ರಮ್ ಇಟ್ಟು ಹತ್ತುವುದು ಅಲ್ಲಿನ ಹುಡುಗರ ರೂಢಿ. ಸಿಸ್ಟರ್ ಕಂಡಾಗಲೆಲ್ಲ ಬೈಯುತ್ತಿದ್ದರು.

ಮಾರನೆಯ ದಿನ, ಗುರುವಾರ, ಬೆಳಗಿನ ಟೀ ಗಂಟೆಗೆ ಮುಂಚೆ ಅಣ್ಣ ಆ ಡ್ರಮ್ಮಿನಿಂದ ಬಿದ್ದ.

ಯಾರೋ ಬಂದು ನನ್ನನ್ನು ಕರೆದರು. ನಾನು ಓಡಿದೆನೋ ನಡೆದೆನೋ ಗೊತ್ತಿಲ್ಲ. ಅವನು ಸಿಮೆಂಟ್ ನೆಲದ ಮೇಲೆ ಅಂಗಾತ ಬಿದ್ದಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು. ಸಿಸ್ಟರ್ ಆಗಲೇ ಅವನ ತಲೆಯ ಬಳಿ ಮಂಡಿಯೂರಿ ಕೂತಿದ್ದರು. ಗದ್ದ ಎತ್ತಿ ಹಿಡಿದು ಬಾಯಿ ತೆರೆಸಲು ನೋಡುತ್ತಿದ್ದರು. ಹಲ್ಲು ಬಿಗಿದಿದ್ದವು. ಮೊದಲು ಗೊರಕೆಯಂಥ ಸದ್ದು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅವನ ತುಟಿ ನೇರಳೆ ಹಣ್ಣು ತಿಂದವನಂತೆ ಆಗಿತ್ತು.

"ಟ್ಯೂಬು" ಎಂದರು. ಪಕ್ಕದಲ್ಲಿದ್ದ ಅವರ ಔಷಧಿ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಅವನ ಅಳತೆಯದೇ. "ಜೆಲ್ಲಿ." ಅದನ್ನು ನಾನೇ ಬೆರಳಲ್ಲಿ ತೆಗೆದು ಸವರಿದೆ. "ಪಿನ್ ಕೊಡು, ನಿನ್ನೆ ವಾಪಸ್ ತಗೊಂಡ್ಯಲ್ಲ, ಬೇಗ."

ಬಳೆಯಿಂದ ಪಿನ್ನು ಬಿಚ್ಚುವಾಗ ಬೆರಳು ಜಾರಿತು. ಎರಡು ಸಲ ಜಾರಿತು. ಸಿಸ್ಟರ್ ಕೈ ಚಾಚಿಕೊಂಡೇ ಇದ್ದರು. ಕೊನೆಗೆ ಬಿಚ್ಚಿಕೊಟ್ಟೆ. ಚುಚ್ಚಿದರು. ಬಲಹೊಳ್ಳೆಗೆ ಇಟ್ಟು, ನೇರ ಹಿಂದಕ್ಕೆ, ಕೊಂಚ ತಿರುಗಿಸಿ, ನಿಲ್ಲಿಸಿ, ಮತ್ತೆ ನೂಕಿದರು. ನಿನ್ನೆ ಗಾಳಿಯಲ್ಲಿ ಮಾಡಿ ತೋರಿಸಿದಂತೆಯೇ. ಪಿನ್ನು ಹೊಳ್ಳೆಗೆ ತಾಗಿ ನಿಂತಿತು.

"ಕೈ ಹಿಡಿ ಇಲ್ಲಿ" ಎಂದರು. ಟ್ಯೂಬಿನ ಬಾಯಿಗೆ ಅಂಗೈ ಹಿಡಿದೆ. ಮೊದಲು ಏನೂ ಇಲ್ಲ. ಆಮೇಲೆ ಬೆಚ್ಚಗೆ ಗಾಳಿ ತಾಗಿತು. ಮತ್ತೆ ತಾಗಿತು. ಸುಯ್ ಎಂಬ ಸದ್ದು. ನೋಡುತ್ತಿದ್ದಂತೆ ತುಟಿಯ ಕಪ್ಪು ಇಳಿಯಿತು.

ಅವನ ಮೂಗಿನಲ್ಲಿ ರಕ್ತವಿತ್ತು. ಎಡಗಿವಿಯಿಂದಲೂ ಇಳಿದಿತ್ತು. ಅದನ್ನು ನಾನು ಸೆರಗಿನಲ್ಲಿ ಒರೆಸಿದೆ. ಯಾವಾಗ ಒರೆಸಿದೆ... ಇದೇ ನನಗೆ ಗೊತ್ತಾಗದ್ದು. ಟ್ಯೂಬ್ ಹಾಕುವ ಮೊದಲೋ, ಹಾಕಿದ ಮೇಲೋ? ಪಿನ್ನು ಬಿಚ್ಚುವಾಗ ಬೆರಳು ಜಾರಿದ್ದು ಜೆಲ್ಲಿಯಿಂದಲೋ, ರಕ್ತದಿಂದಲೋ?

ಕಂಪನಿಯ ಮೆಟಡೋರಿನಲ್ಲಿ ಮಲಗಿಸಿಕೊಂಡು ಹೊರಟೆವು. ಕೃಷ್ಣರಾಜಪುರದ ರೈಲ್ವೆ ಗೇಟು ಹಾಕಿತ್ತು. ಮುಂದೆ ಲಾರಿಗಳು, ಎತ್ತಿನ ಗಾಡಿಗಳು. ಡ್ರೈವರ್ ಇಳಿದು ಗೇಟಿನವನ ಹತ್ತಿರ ಜಗಳಕ್ಕೆ ಹೋದ. "ರೈಲ್ ಬರ್ತೈತೆ, ನಾನೇನ್ ಅಂಗೈಲಿ ಇಡ್ಕೊಂಡ್ ನಿಲ್ಲಿಸ್ಲಾ?" ಎಂದು ಗೇಟಿನವನು ಕೂಗಿದ್ದು ನಮಗೂ ಕೇಳಿಸಿತು. ಸಿಸ್ಟರ್ ತಲೆ ಎತ್ತಲಿಲ್ಲ. ಅಣ್ಣನ ಗದ್ದ ಹಿಡಿದು ಟ್ಯೂಬಿನ ಸದ್ದನ್ನೇ ಕೇಳುತ್ತಿದ್ದರು. ಗೂಡ್ಸ್ ರೈಲು ಹೋಗುವಾಗ ಆ ಸದ್ದು ಕೇಳಿಸದಂತಾಯಿತು. ಆಗ ನನ್ನ ಕೈ ಎಳೆದು ಮತ್ತೆ ಟ್ಯೂಬಿನ ಬಾಯಿಗೆ ಇಟ್ಟರು. ರೈಲು ಪೂರ್ತಿ ದಾಟುವವರೆಗೂ ಬೆಚ್ಚಗೆ ತಾಗುತ್ತಲೇ ಇತ್ತು.

ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಬಗ್ಗಿ ನೋಡಿ, "ಯಾರ್ರೀ ಇದನ್ನ ಹಾಕಿದ್ದು?" ಎಂದರು. ಅದು ಬೈಗುಳವೋ ಮೆಚ್ಚುಗೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಸಿಸ್ಟರ್ "ನಾನು" ಎಂದರು. ಅಷ್ಟರಲ್ಲಿ ಸ್ಟ್ರೆಚರ್ ಒಳಗೆ ಹೋಯಿತು.

ಅಣ್ಣ ಒಂಬತ್ತು ದಿನ ಇದ್ದ. ತಲೆಬುರುಡೆ ಬಿರುಕು ಬಿಟ್ಟಿದೆ, ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ನಾಲ್ಕನೆಯ ದಿನ, ಭಾನುವಾರ, ಕಣ್ಣು ಬಿಟ್ಟ. ಅವ್ವನನ್ನು ಗುರುತು ಹಿಡಿದ. "ಅವ್ವ, ಮೂಗ್ಯಾಕೋ ಉರೀತದೆ" ಎಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಪುಟ್ಟಿ, ಡ್ರಮ್ ಹತ್ತಿದ್ದಕ್ಕೆ ಸಿಸ್ಟರ್ ಬೈದ್ರಾ?" ಎಂದು ಕೇಳಿದ.

"ಬೈದ್ರು" ಎಂದೆ. ಅವನ ತುಟಿ ಕೊಂಚ ಅಗಲವಾಯಿತು.

ಅವತ್ತೇ ಮಧ್ಯಾಹ್ನ ಸಿಸ್ಟರ್ ಬಂದಿದ್ದರು. ಅವ್ವ ವಾರ್ಡಿನ ಬಾಗಿಲಲ್ಲಿ ಅಡ್ಡ ನಿಂತಳು. ಅಷ್ಟು ಹೊತ್ತಿಗೆ ಬುಧವಾರದ ಪಾಠದ ಕಥೆ ಊರಿನಲ್ಲೆಲ್ಲ ಹರಡಿತ್ತು. ನಮ್ಮ ಕಡೆ ಅಳತೆ ತೆಗೆಯುವುದು ಗುಂಡಿ ತೋಡುವ ಮುಂಚೆ. ಸತ್ತವನ ಉದ್ದಕ್ಕೆ ಬಳ್ಳಿಯ ಹಂಬು ಹಿಡಿದು ನೋಡಿ ಆಮೇಲೆ ಗುದ್ದಲಿ ಹಾಕುತ್ತಾರೆ. ಬದುಕಿರುವವನ ಮೈಯ ಅಳತೆಯನ್ನು ಹೊಲಿಗೆಯವನ ಬಿಟ್ಟು ಯಾರೂ ತೆಗೆಯುವುದಿಲ್ಲ.

"ಬದುಕಿದ್ದೋನ್ ಅಳತೆ ತಗೊಂಡು, ಅದರಂಗೇ ಕತ್ತರ್ಸಿ ಮಡಗಿದ್ಯಲ್ಲ ತಾಯಿ" ಎಂದಳು ಅವ್ವ. "ಈಗ ಇನ್ನೇನ್ ಅಳೆಯಕ್ ಬಂದೆ?"

ಸಿಸ್ಟರ್ ಅವ್ವನ ಹೆಗಲ ಮೇಲಿಂದ ನನ್ನನ್ನು ನೋಡಿ, "ಉಸಿರಾಟ ಹೇಗಿದೆ?" ಎಂದು ಕೇಳಿದರು. "ಚೆನ್ನಾಗಿದೆ" ಎಂದೆ. ಅವನು ಕಣ್ಣು ಬಿಟ್ಟದ್ದನ್ನೂ, ಅವರ ಬಗ್ಗೆ ಕೇಳಿದ್ದನ್ನೂ ಹೇಳಬಹುದಿತ್ತು. ಅವ್ವ ನಿಂತಿದ್ದಳು. ಹೇಳಲಿಲ್ಲ. ಅವರು ತಲೆಯಾಡಿಸಿ ಮೆಟ್ಟಿಲು ಇಳಿದು ಹೋದರು.

ಮಂಗಳವಾರ ಜ್ವರ ಏರಿತು. ಮತ್ತೆ ಇಳಿಯಲಿಲ್ಲ. ಶುಕ್ರವಾರ ಅಣ್ಣ ಹೋದ.

ಹದಿನೈದು ದಿನದ ಮೇಲೆ ಕಂಪನಿಯಲ್ಲಿ ವಿಚಾರಣೆ ಇಟ್ಟರು. ವಾರಕ್ಕೆ ಎರಡು ದಿನ ಬರುತ್ತಿದ್ದ ಡಾಕ್ಟರು ಒಂದು ಮಾತು ಎತ್ತಿದ್ದರು. ತಲೆಗೆ ಪೆಟ್ಟಾಗಿ ಕಿವಿಯಿಂದ ರಕ್ತ ಬರುತ್ತಿದ್ದರೆ ಮೂಗಿನಲ್ಲಿ ಟ್ಯೂಬ್ ಹಾಕಬಾರದು, ಬುರುಡೆಯ ತಳ ಒಡೆದಿದ್ದರೆ ಅದು ಹೋಗಬಾರದ ಜಾಗಕ್ಕೆ ಹೋಗಬಹುದು, ಒಳಗೆ ನಂಜೂ ಆಗಬಹುದು ಎಂದು. ಸಿಸ್ಟರ್ ಹಾಕುವ ಮುಂಚೆ ಕಿವಿಯಲ್ಲಿ ರಕ್ತ ಇತ್ತೇ, ಇರಲಿಲ್ಲವೇ? ಪಕ್ಕದಲ್ಲಿದ್ದವಳು ನಾನು.

ಹಿಂದಿನ ದಿನ ಮನೆಯಲ್ಲಿ ಅವ್ವ ಹೇಳಿದ್ದಳು. "ರಗ್ತ ಮೊದ್ಲೇ ಇತ್ತು, ಆದ್ರೂ ತುರುಕಿದ್ಲು ಅಂತ ಏಳು. ನಿನ್ ಒಡುಟ್ಟಿದೋನು ಕಣೇ ಅವ್ನು." ಅವತ್ತಿನ ನನ್ನ ಸೀರೆಯನ್ನು ಅವಳು ಒಗೆದು ಮಡಿಸಿ ಇಟ್ಟಿದ್ದಳು. ಸೆರಗಿನಲ್ಲಿ ಯಾವ ಕಲೆಯೂ ಉಳಿದಿರಲಿಲ್ಲ.

ಮ್ಯಾನೇಜರ ಕೋಣೆಯಲ್ಲಿ ಸಿಸ್ಟರ್ ಕಿಟಕಿಯ ಪಕ್ಕ ನಿಂತಿದ್ದರು. ಕೂರಲು ಯಾರೂ ಹೇಳಿರಲಿಲ್ಲ. ಅವರನ್ನು ಮೊದಲೇ ಕೇಳಿ ಮುಗಿಸಿದ್ದರಂತೆ. "ನಾನು ತುಟಿ ನೋಡ್ತಿದ್ದೆ, ಕಿವಿ ನೋಡ್ಲಿಲ್ಲ" ಎಂದಷ್ಟೇ ಹೇಳಿದ್ದರಂತೆ.

"ಹೇಳಮ್ಮ" ಎಂದರು ಮ್ಯಾನೇಜರ್. "ಟ್ಯೂಬ್ ಹಾಕೋಕ್ ಮುಂಚೆ ಕಿವೀಲಿ ರಕ್ತ ಇತ್ತಾ?"

ನಾನು ಸಿಸ್ಟರ ಕಡೆ ನೋಡಿದೆ.

"ನನ್ ಮುಖ ನೋಡ್ಬೇಡ" ಎಂದರು ಅವರು. ಬೈದಂತೆಯೇ ಇತ್ತು. "ಕಂಡಿದ್ದನ್ನ ಹೇಳು."

ಕಂಡದ್ದು ಏನು? ಕಣ್ಣು ಮುಚ್ಚಿದರೆ ಎರಡು ಚಿತ್ರ ಬರುತ್ತಿದ್ದವು. ಒಂದರಲ್ಲಿ ನಾನು ಕಿವಿ ಒರೆಸಿ ಅದೇ ಬೆರಳಲ್ಲಿ ಪಿನ್ನು ಬಿಚ್ಚುತ್ತಿದ್ದೆ. ಇನ್ನೊಂದರಲ್ಲಿ ಬೆರಳ ತುಂಬ ಬಿಳಿ ಜೆಲ್ಲಿ, ಕಿವಿಯಲ್ಲಿ ಏನೂ ಇಲ್ಲ. ಎರಡೂ ಅಷ್ಟೇ ನಿಜವಾಗಿ ಕಾಣುತ್ತಿದ್ದವು. ಅವ್ವ ಹೇಳಿಕೊಟ್ಟದ್ದರಿಂದ ಒಂದು ಹುಟ್ಟಿತೋ, ಸಿಸ್ಟರನ್ನು ಉಳಿಸಬೇಕೆಂಬ ಆಸೆಯಿಂದ ಇನ್ನೊಂದು ಹುಟ್ಟಿತೋ...

"ಗೊತ್ತಿಲ್ಲ ಸಾರ್" ಎಂದೆ.

"ಪಕ್ಕದಲ್ಲೇ ಇದ್ಯಲ್ಲಮ್ಮ?"

"ಗೊತ್ತಿಲ್ಲ ಸಾರ್."

ಗುಮಾಸ್ತರು ಅದನ್ನು ಬರೆದುಕೊಂಡು ಕಾಗದ ನನ್ನ ಮುಂದೆ ತಳ್ಳಿದರು. ನಾನು ಸಹಿ ಹಾಕಿದೆ. ಸಿಸ್ಟರ್ ಆ ವಾರದ ಕೊನೆಗೆ ಕೆಲಸ ಬಿಟ್ಟರು. ಬಿಡಿಸಿದರು ಎಂದು ಕೆಲವರು, ಅವರೇ ಬರೆದುಕೊಟ್ಟರು ಎಂದು ಕೆಲವರು. ಕೊನೆಯ ದಿನ ನಮ್ಮ ವಿಭಾಗದ ಬಾಗಿಲಿಗೆ ಬಂದು ನಿಂತಿದ್ದರು. ನಾನು ಕಾಯಿಲ್ ಸುತ್ತುತ್ತಿದ್ದೆ. ಸುತ್ತಿನ ಲೆಕ್ಕ ತಪ್ಪಿದರೆ ಮೊದಲಿಂದ ಸುತ್ತಬೇಕು, ಹಾಗಾಗಿ ತಲೆ ಎತ್ತಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವರು ಹೋದ ಮೇಲೆ ನೋಡಿದರೆ ಲೆಕ್ಕ ಹೇಗೂ ತಪ್ಪಿತ್ತು.

ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ರೈಲು ಹತ್ತಿ ಗಣಿಯ ಊರಿಗೆ ಹೋಗಿದ್ದೆ. ಸಾಲುಮನೆಗಳಲ್ಲಿ ವಿಚಾರಿಸಿದೆ. ಒಬ್ಬ ಮುದುಕಿ, "ದೊಡ್ಡ ಗಡಿಯಾರದ ನರ್ಸಮ್ಮನಾ? ಅಕ್ಕನ ಮಗಳ ಜೊತೆ ಮದರಾಸಿಗೆ ಹೋದ್ರು" ಎಂದಳು. ಅವಳು ಹೇಳಿದ್ದು ಇವರ ಬಗ್ಗೆಯೋ, ಬೇರೆ ಯಾರ ಬಗ್ಗೆಯೋ. ಆ ಊರಲ್ಲಿ ನರ್ಸಮ್ಮಂದಿರು ಬಹಳ ಇದ್ದರು.

ಹೂಡಿಯ ಆಸ್ಪತ್ರೆಯಲ್ಲಿ ನಾದಿನಿ ಚೇತರಿಸಿಕೊಂಡಳು. ಮೂಗಿನ ಟ್ಯೂಬ್ ತೆಗೆದ ದಿನ ಚಿಕ್ಕ ವಯಸ್ಸಿನ ಡಾಕ್ಟರನ್ನು ನಿಲ್ಲಿಸಿ ಕೇಳಿದೆ. ತಲೆಗೆ ಪೆಟ್ಟು ಬಿದ್ದು ಕಿವಿಯಿಂದ ರಕ್ತ ಬರುತ್ತಿದ್ದರೆ ಇದನ್ನು ಹಾಕಬಹುದಾ ಎಂದು.

"ಸಾಮಾನ್ಯವಾಗಿ ಹಾಕಲ್ಲ ಅಮ್ಮ."

ನನ್ನ ಮುಖ ಹೇಗಾಯಿತೋ, ಅವರು ಹೋಗುತ್ತಿದ್ದವರು ನಿಂತರು.

"ಯಾಕೆ? ಯಾರಿಗೆ ಹಾಕಿದ್ರು?"

"ಹಲ್ಲು ಕಚ್ಚಿಕೊಂಡಿತ್ತು. ಉಸಿರು ನಿಂತಿತ್ತು. ಫ್ಯಾಕ್ಟರೀಲಿ. ಬೇರೆ ಏನೂ ಇರ್ಲಿಲ್ಲ."

"ಹಂಗಾದ್ರೆ ನಾನೂ ಹಾಕ್ತಿದ್ದೆ" ಎಂದರು. "ಉಸಿರೇ ಇಲ್ಲ ಅಂದ್ಮೇಲೆ ಇನ್ನೇನ್ ನೋಡ್ತೀರಾ? ಹಾಕಿದ್ಮೇಲೆ ಉಸಿರಾಡಿದ್ರಾ ಅವರು?"

ಇಷ್ಟು ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಮ್ಯಾನೇಜರ್ ಕೇಳಿರಲಿಲ್ಲ. ಕಂಪನಿಯ ಡಾಕ್ಟರು ಕೇಳಿರಲಿಲ್ಲ. ಅವ್ವ ಕೇಳಿರಲಿಲ್ಲ. ಅವರು ಕೇಳದಿದ್ದರೂ ಹೇಳಲು ನನಗೆ ಬಾಯಿ ಇತ್ತು. ರಕ್ತ ಮೊದಲೋ ಟ್ಯೂಬ್ ಮೊದಲೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ನನ್ನ ಅಂಗೈಗೆ ಗೊತ್ತಿದ್ದ ಒಂದು ಸಂಗತಿಯಲ್ಲಿ ಯಾವ ಗೊಂದಲವೂ ಇರಲಿಲ್ಲ.

"ಆಡಿದ" ಎಂದೆ ಆ ಡಾಕ್ಟರಿಗೆ. ಅವರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.

ಆ ಫ್ಯಾಕ್ಟರಿ ಈಗ ಇಲ್ಲ. ಅಲ್ಲಿ ಗಾಜಿನ ಕಟ್ಟಡವಿದೆ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಸಿಸ್ಟರ್ ಇದ್ದಾರೋ ಇಲ್ಲವೋ ತಿಳಿಯದು. ಇದ್ದರೆ ಎಂಬತ್ತು ದಾಟಿರಬೇಕು. ನಾನು ಸಹಿ ಹಾಕಿದ ಆ ಕಾಗದ ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ನನ್ನ ಹೆಸರಿದೆ, ಗೊತ್ತಿಲ್ಲ ಎಂಬ ಮಾತು ಎರಡು ಸಲ ಇದೆ. ಟ್ಯೂಬ್ ಹಾಕಿದ ಮೇಲೆ ಅಣ್ಣ ಉಸಿರಾಡಿದ ಎಂಬ ಸಾಲು ಅದರಲ್ಲಿ ಇಲ್ಲ.